ಕೊಡುವ ಕೈ, ಕೊಳ್ಳುವ ಕೈ: ಕ್ರಿಸ್ತ ಜಯಂತಿಯ ದಿನಗಳಲ್ಲಿ ಒಂದು ದಾಸೋಹ ಚಿಂತನೆ

ಡಿಸೆಂಬರ್ ತಿಂಗಳ ಕೊನೆಯ ವಾರಗಳೆಂದರೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಎರೆಭೂಮಿಯ ಬಿಳಿಜೋಳ ತೆನೆಗಟ್ಟುವ, ಕಡಲೆ ಕಾಯಿಗಟ್ಟುವ, ಬೆಳಗಿನ ಚಳಿಗೆ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕಾಲ. ಎಳ್ಳ ಅಮಾವಾಸ್ಯೆಯಂದು ರೈತಾಪಿ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿದ ಅನಂತರವೇ ತಾವು ಉಣ್ಣುತ್ತವೆ. ನೆರೆಹೊಲದವರನ್ನೂ ದಾರಿಹೋಕರನ್ನೂ ಕರೆದು ಕೂಡ್ರಿಸಿ ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ ಬಡಿಸದೆ ಆ ಹಬ್ಬ ಪೂರ್ಣವಾಗುವುದಿಲ್ಲ. ಅದರ ಬೆನ್ನಿಗೇ ಬನದ ಹುಣ್ಣಿಮೆ, ಬಾದಾಮಿ ಬನಶಂಕರಿಯ ಜಾತ್ರೆ. ಈ ಹಬ್ಬಗಳ ನಡುವೆಯೇ ಗುಳೇದಗುಡ್ಡದ ಕ್ರೈಸ್ತ ಬಂಧುಗಳ ಬಾಗಿಲಲ್ಲಿ ಕಾಗದದ ನಕ್ಷತ್ರದೀಪ ತೂಗುತ್ತದೆ. ಡಿಸೆಂಬರ್ 25ರಂದು ಅವರ ದೇವಾಲಯದಲ್ಲಿ ಕನ್ನಡದಲ್ಲಿಯೇ ಕ್ರಿಸ್ತನ ಜನನದ ಹಾಡುಗಳು ಕೇಳಿಬರುತ್ತವೆ.

ಇತ್ತೀಚೆಗೆ ಬಾಗಲಕೋಟೆಯ ನವನಗರದಲ್ಲಿ ನಡೆದ ಒಂದು ಶರಣಗೋಷ್ಠಿಯಲ್ಲಿ ತರುಣ ಗೃಹಸ್ಥರೊಬ್ಬರು ನನ್ನನ್ನು ಹೀಗೆ ಕೇಳಿದರು: “ನಮ್ಮ ಬಾಜೂ ಮನೆಯವರು ಕ್ರೈಸ್ತರು. ಹಬ್ಬದ ದಿನ ಅವರ ಮನೆಯಿಂದ ತಾಟು ಬರುತ್ತದೆ. ಲಿಂಗವಂತರಾದ ನಾವು ಹೇಗೆ ನಡೆದುಕೊಳ್ಳಬೇಕು? ನಾವು ಅವರಿಗೆ ಏನು ಕೊಡಬೇಕು?” ಪ್ರಶ್ನೆ ಸಣ್ಣದೆಂದು ಸಭೆಯಲ್ಲಿ ಕೆಲವರು ನಕ್ಕರು. ನನಗೆ ಅದು ಸಣ್ಣದೆನಿಸಲಿಲ್ಲ. ಕೊಡುವುದು ಹೇಗೆ, ಕೊಳ್ಳುವುದು ಹೇಗೆ ಎಂಬುದೇ ದಾಸೋಹ ಧರ್ಮದ ತಿರುಳಾಗಿದೆ. ಆ ದಿನ ಸಮಯಾಭಾವದಿಂದ ಹೇಳಲಾಗದೆ ಉಳಿದ ಉತ್ತರವನ್ನು ಓದುಗ ಬಂಧುಗಳ ಮುಂದೆ ಇಲ್ಲಿ ಇಡುತ್ತಿದ್ದೇನೆ.

ನೆರೆಯವರ ಪರಿಚಯ

ಕ್ರೈಸ್ತರು ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದವರಲ್ಲ. ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ 1837ರಲ್ಲಿಯೂ ಗುಳೇದಗುಡ್ಡದಲ್ಲಿ 1851ರಲ್ಲಿಯೂ ತಮ್ಮ ನೆಲೆಗಳನ್ನು ಸ್ಥಾಪಿಸಿದರು. ಅವರು ಮತಪ್ರಸಾರದ ಉದ್ದೇಶದಿಂದಲೇ ಬಂದರು ಎಂಬುದು ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಅವರು ಶಾಲೆ ತೆರೆದುದೂ, ಮುದ್ರಣಾಲಯ ನಡೆಸಿದುದೂ, ಕನ್ನಡಕ್ಕಾಗಿ ದುಡಿದುದೂ ಅಷ್ಟೇ ನಿಜ. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದನ್ನು ಯಾವ ಕನ್ನಡಿಗನೂ ಮರೆಯಲಾರ.

ಆ ಪರಂಪರೆಯಲ್ಲಿ ಬಂದು ಶರಣ ಸಾಹಿತ್ಯಕ್ಕೆ ಋಣಭಾರ ಹೊರಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಈ ಕ್ರೈಸ್ತ ಬೋಧಕರು ಹಳ್ಳಿ ಹಳ್ಳಿ ತಿರುಗಿ, ಕೈಬರಹದ ಕಡತಗಳನ್ನು ಹುಡುಕಿ, ಜನರ ಬಾಯಲ್ಲಿದ್ದುದನ್ನು ಬರೆದುಕೊಂಡು, ಸರ್ವಜ್ಞನ ವಚನಗಳನ್ನು 1924ರಲ್ಲಿ ನಾಡಿಗೆ ಕೊಟ್ಟರು. ‘ಬೆತ್ಲೆಹೇಮಿನ ಕೂಗು’ ಎಂಬ ಕೃತಿಯನ್ನು ಬರೆದ ಅದೇ ಲೇಖನಿಯಿಂದ ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸುವ ಗ್ರಂಥವೂ ಹೊರಬಂದಿತು. ಸಿದ್ಧರಾಮ, ಮೋಳಿಗೆ ಮಾರಯ್ಯ ಮುಂತಾದ ಶರಣರ ಸಾಹಿತ್ಯವನ್ನು ಅವರು ಶ್ರದ್ಧೆಯಿಂದ ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. ನಮ್ಮ ಮನೆಯ ನಿಧಿಯನ್ನು ಹುಡುಕಿ, ಧೂಳು ಒರೆಸಿ, ನಮಗೇ ತಂದೊಪ್ಪಿಸಿದ ನೆರೆಯವರು ಅವರು. ತಮ್ಮ ಕ್ರಿಸ್ತನನ್ನು ಬಿಡದೆಯೂ ನಮ್ಮ ಬಸವಣ್ಣನಿಗೆ ಮಣಿದರು. ಇದು ನೆರೆಹೊರೆಯ ಧರ್ಮದ ಬಹುದೊಡ್ಡ ಪಾಠ.

ಬರಗಾಲದ ಒಂದು ಮರ

ಈ ಸೀಮೆಗೆ ಬರಗಾಲವೂ ಹೊಸದಲ್ಲ. 1876ರಿಂದ 1878ರ ವರೆಗಿನ ಧಾತು-ಈಶ್ವರ ಸಂವತ್ಸರಗಳ ಭೀಕರ ಬರದ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 40 ಸಾವಿರಕ್ಕಿಂತ ಕೆಳಗಿಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ!

ನಾನು ಕಂಡ ಬರ 1972ರದು. ಆಗ ನಾನು ಹನ್ನೆರಡು ವರ್ಷದ ಬಾಲಕ. ನಮ್ಮದು ಹುನಗುಂದ ತಾಲೂಕಿನ ನೇಕಾರ ಮನೆತನ. ಊರಲ್ಲಿ ಮಗ್ಗಕ್ಕೆ ಕೆಲಸವಿಲ್ಲದಾಗ ತಂದೆಯವರು ಖಣ ನೇಯುವ ಕೂಲಿಗಾಗಿ ಸಂಸಾರಸಮೇತ ಗುಳೇದಗುಡ್ಡಕ್ಕೆ ಬಂದರು. ಪರದೇಶದಿಂದ ಬಂದ ಗೋಧಿಯ ಉಪ್ಪಿಟ್ಟನ್ನು ಶಾಲೆಯಲ್ಲಿ ತಿಂದು ಮಧ್ಯಾಹ್ನ ಕಳೆಯುತ್ತಿದ್ದೆವು. ರಾತ್ರಿಯ ಊಟದ ಮಾತು ಮಾತ್ರ ತಾಯಿಗೇ ಗೊತ್ತು.

ನಮ್ಮ ಓಣಿಯಲ್ಲಿ ಒಂದು ಕ್ರೈಸ್ತ ನೇಕಾರರ ಮನೆಯಿತ್ತು. ಹಬ್ಬದ ಹಿಂದಿನ ದಿನ ಆ ಮನೆಯ ಹಿರಿಯ ಹೆಣ್ಣುಮಗಳು ಸೆರಗು ಮುಚ್ಚಿದ ಒಂದು ಮರವನ್ನು ಹಿಡಿದು ನಮ್ಮ ಹೊಸ್ತಿಲ ಹೊರಗೆ ನಿಂತರು. ಮರದಲ್ಲಿ ಗೋಧಿ, ಬೆಲ್ಲದ ಹೆಂಟೆ, ಒಂದಿಷ್ಟು ಶೇಂಗಾ ಇದ್ದವು. ಅಡಿಗೆ ಮಾಡಿದ್ದು ಯಾವುದೂ ಇರಲಿಲ್ಲ. “ತಂಗೀ, ನಿಮ್ಮ ಒಲಿ ಮ್ಯಾಲ ನೀವ ಮಾಡಿ ಹುಡುಗರಿಗೆ ಕೊಡ್ರಿ. ನಮ್ಮನ್ಯಾಗ ಹಬ್ಬ ಅಂದ ಮ್ಯಾಲ ನಿಮ್ಮ ಒಲಿ ಆರಬಾರದು” ಎಂದರು. ನಮ್ಮ ಆಚಾರವೇನೆಂದು ಅವರು ಕೇಳಲಿಲ್ಲ, ಮೊದಲೇ ತಿಳಿದುಕೊಂಡಿದ್ದರು. ನಾವು ‘ಒಲ್ಲೆ’ ಎನ್ನಬೇಕಾದ ಸಂಕಟವನ್ನೇ ಅವರು ನಮಗೆ ತಂದೊಡ್ಡಲಿಲ್ಲ.

ತಾಯಿ ಕಾಳನ್ನು ಸುರುವಿಕೊಂಡು ಮರವನ್ನು ಹಿಂದಿರುಗಿಸುವ ಮೊದಲು ಮನೆಯೆಲ್ಲ ಹುಡುಕಿದಳು. ಕೊನೆಗೆ ಊರಿಂದ ತಂದ ಹುಣಸೆಹಣ್ಣಿನಲ್ಲಿ ಒಂದು ಹಿಡಿಯನ್ನೂ ನಾಲ್ಕು ಒಣಮೆಣಸಿನಕಾಯಿಯನ್ನೂ ಅದರಲ್ಲಿಟ್ಟು, “ಬರೇ ಮರ ತಿರುಗಿ ಒಯ್ಯಬಾರದಪಾ, ಕೊಟ್ಟು ಬಾ” ಎಂದು ನನ್ನ ಕೈಗೆ ಕೊಟ್ಟಳು. ಆ ಹೆಣ್ಣುಮಗಳು ಅದನ್ನು ಎರಡೂ ಕೈಯಿಂದ ಕೊಂಡರು. ‘ಇರಲಿ ಬಿಡ್ರಿ’ ಎಂದು ಹಿಂದಕ್ಕೆ ಕಳಿಸಲಿಲ್ಲ. ಮುಂದೆ ನಾನು ಮಠದ ಪ್ರಸಾದ ನಿಲಯ ಸೇರಿ ಹಿರಿಯ ಶ್ರೀಗಳ ಪಾದದಡಿಯಲ್ಲಿ ವಚನಶಾಸ್ತ್ರವನ್ನು ಓದಿದೆ. ದಾಸೋಹದ ಮೊದಲ ಪಾಠವನ್ನು ಮಾತ್ರ ಆ ಓಣಿಯಲ್ಲಿ ಇಬ್ಬರು ಹೆಣ್ಣುಮಕ್ಕಳ ಕೈಯಿಂದ ಕಲಿತೆನೆಂಬುದು ಆಮೇಲೆ ನನಗೆ ತಿಳಿಯಿತು.

ದಾನವೂ ದಾಸೋಹವೂ

ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ‘ನಾನು ಕೊಟ್ಟೆ’ ಎಂಬ ಭಾವ ಮೂಡಿದ ಗಳಿಗೆಯಲ್ಲಿಯೇ ದಾಸೋಹವು ದಾನಕ್ಕಿಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ವಿವೇಕವನ್ನು ಮಾತಿನಲ್ಲಿ ಹೇಳಿದುದಕ್ಕಿಂತ ಬದುಕಿನಲ್ಲಿ ತೋರಿದುದೇ ಹೆಚ್ಚು.

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದುದೇ. ಆ ದಂಪತಿಗಳ ಅಮರೇಶ್ವರವು ನಮ್ಮ ಹುನಗುಂದ ಸೀಮೆಗೆ ಹತ್ತಿರದ ಲಿಂಗಸುಗೂರು ತಾಲೂಕಿನಲ್ಲಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರುವಿ ಬರುವಂತೆ ಗಂಡನನ್ನು ಕಳಿಸಿದಳು. ಅಗತ್ಯಕ್ಕಿಂತ ಹೆಚ್ಚಿನದನ್ನು ಒಲ್ಲೆನೆನ್ನುವ ಸ್ವಾಭಿಮಾನ ಬಡವರಿಗೂ ಉಂಟೆಂಬುದನ್ನು, ಅದನ್ನು ಕೊಡುವವನು ಗೌರವಿಸಬೇಕೆಂಬುದನ್ನು ಈ ಕಥೆ ಕಲಿಸುತ್ತದೆ.

ನುಲಿಯ ಚಂದಯ್ಯನದು ಮತ್ತೊಂದು ಪಾಠ. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹ ನಡೆಸುವುದು ಆತನ ನೇಮ. ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಹೊನ್ನು ಬಂದಾಗ ಆತ ಅದನ್ನು ಒಪ್ಪಲಿಲ್ಲವೆಂದು ಶೂನ್ಯಸಂಪಾದನೆಯ ಕಥನ ಸಾರುತ್ತದೆ. ದುಡಿಮೆಯಿಂದ ಬಾರದ ಹಣ ದಾಸೋಹಕ್ಕೆ ಸಲ್ಲದು ಎಂಬುದೇ ಇದರ ಭಾವ.

ಕ್ರಿಸ್ತನ ಉಪದೇಶದಲ್ಲಿಯೂ ಇದಕ್ಕೆ ಸಮೀಪದ ದೃಷ್ಟಿಯನ್ನು ಕಾಣಬಹುದು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಧನಿಕರು ಹೇರಳವಾಗಿ ಹಾಕುತ್ತಿರುವಾಗ ಬಡ ವಿಧವೆಯೊಬ್ಬಳು ಎರಡು ಕಿರುಕಾಸು ಹಾಕಿದಳು. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಈಕೆ ತನ್ನ ಬದುಕನ್ನೇ ಕೊಟ್ಟಳು ಎಂಬ ಅಭಿಪ್ರಾಯವನ್ನು ಏಸು ಶಿಷ್ಯರಿಗೆ ತಿಳಿಸಿದ. ಕೊಟ್ಟುದನ್ನು ಸಾರಿಕೊಳ್ಳಬಾರದೆಂದೂ ಆತನ ಬೋಧನೆಯಿದೆ. ಇಂದು ಅಂಗಡಿಗಳ ಮುಂದೆ ಕೆಂಪು ಅಂಗಿ ತೊಟ್ಟು ನಿಲ್ಲುವ ಬಿಳಿಗಡ್ಡದ ಮುದುಕನ ಮೂಲವೂ ಗುಪ್ತದಾನದಲ್ಲಿಯೇ ಇದೆ. ನಾಲ್ಕನೆಯ ಶತಮಾನದಲ್ಲಿ ಈಗಿನ ತುರ್ಕಿ ದೇಶದ ಮೈರಾ ಪಟ್ಟಣದಲ್ಲಿದ್ದ ಬಿಷಪ್ ನಿಕೋಲಸರು ಬಡ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ರಾತ್ರಿಯಲ್ಲಿ, ಯಾರಿಗೂ ಕಾಣದಂತೆ, ಹಣದ ಗಂಟನ್ನು ಮನೆಯೊಳಗೆ ಹಾಕಿ ಹೋದರೆಂಬುದು ಐತಿಹ್ಯ.

ಸಿದ್ಧಾಂತಗಳು ಬೇರೆ ಇರಬಹುದು. ನಮ್ಮ ಇಷ್ಟಲಿಂಗ ನಿಷ್ಠೆ ನಮಗೆ, ಅವರ ವಿಶ್ವಾಸ ಅವರಿಗೆ. ಎಲ್ಲವೂ ಒಂದೇ ಎಂದು ಕಲಸುವ ಅಗತ್ಯವೂ ಇಲ್ಲ. ಹಸಿದವನೆದುರು ತಲೆಬಾಗಿ ಕೊಡಬೇಕೆಂಬಲ್ಲಿ ಮಾತ್ರ ಇಬ್ಬರ ದಾರಿಯೂ ಕೂಡುತ್ತದೆ.

ನನ್ನಿಂದಾದ ಒಂದು ತಪ್ಪು

ಇಷ್ಟೆಲ್ಲ ಓದಿದ್ದ ನಾನೇ ಎಡವಿದ ಪ್ರಸಂಗವೊಂದನ್ನು ಇಲ್ಲಿ ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ದಂಡೆಯ ಊರುಗಳನ್ನು ಮುಳುಗಿಸಿದಳು. ನಾವು ಕೆಲವರು ಸೇರಿ ಭಕ್ತರಿಂದ ರೊಟ್ಟಿ, ಶೇಂಗಾ ಚಟ್ನಿ, ಚಾದರಗಳನ್ನು ಸಂಗ್ರಹಿಸಿ ಒಂದು ಗಂಜಿ ಕೇಂದ್ರಕ್ಕೆ ಹೋದೆವು. ಜೊತೆಗೆ ಫೋಟೋ ತೆಗೆಯುವವನೂ ಬಂದಿದ್ದ. ಒಬ್ಬೊಬ್ಬರನ್ನೇ ಕರೆದು, ಚಾದರದ ಒಂದು ತುದಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ನಾನು ಹಿಡಿದು, ಕ್ಯಾಮೆರಾದ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಬಂದಳು. ಫೋಟೋದವನಿಗೆ ಬೆಳಕು ಸಾಲಲಿಲ್ಲ. ‘ಇನ್ನೊಮ್ಮೆ, ಇನ್ನೊಮ್ಮೆ’ ಎಂದ. ಆ ತಾಯಿ ಮುಖವನ್ನು ಆಚೆ ತಿರುಗಿಸಿಕೊಂಡು ಮೆಲ್ಲಗೆ ಅಂದಳು: “ಗುರುಗಳ, ಫೋಟೋ ಆತಂದ್ರ ಚಾದರ ಬಿಡ್ರಿ. ಮೈ ನಡಗಾಕತ್ತೇತಿ.”

ನನ್ನ ಕೈ ತಾನಾಗಿಯೇ ಸಡಿಲಿತು. ಹೋದ ವರ್ಷ ಆಕೆ ತನ್ನ ಹೊಲದ ಚರಗದ ದಿನ ಎಷ್ಟು ಜನರಿಗೆ ಉಣ್ಣಿಸಿದ್ದಳೋ! ಆಕೆಯ ಮನೆಯನ್ನು ಹೊಳೆ ತೆಗೆದುಕೊಂಡಿತು. ಉಳಿದಿದ್ದ ಮಾನವನ್ನು ನಾನು ಫೋಟೋದ ನೆಪದಲ್ಲಿ ತೆಗೆದುಕೊಳ್ಳುತ್ತಿದ್ದೆ. ಗುಳೇದಗುಡ್ಡದ ಹೊಸ್ತಿಲ ಹೊರಗೆ ಮರ ಹಿಡಿದು ನಿಂತ ಹೆಣ್ಣುಮಗಳು ಆ ರಾತ್ರಿ ನೆನಪಾದರು. ಅವರು ತಂದುದನ್ನು ಸೆರಗಿನಿಂದ ಮುಚ್ಚಿದ್ದರು. ನಾನು ತಂದುದನ್ನು ಊರಿಗೆಲ್ಲ ಬಿಚ್ಚಿ ತೋರಿಸಿದ್ದೆ.

ಹತ್ತು ವರ್ಷಗಳ ಅನಂತರ, 2019ರ ಆಗಸ್ಟ್‌ನಲ್ಲಿ ಮತ್ತೆ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಾಗ ನಾವು ಪುನಃ ಹೋದೆವು. ಈ ಸಲ ಫೋಟೋದವನು ಇರಲಿಲ್ಲ. ಸಾಮಾನುಗಳನ್ನು ಒಂದು ಕೋಣೆಯಲ್ಲಿ ಒಟ್ಟಿ, ಊರಿನ ನಾಲ್ವರು ಹೆಣ್ಣುಮಕ್ಕಳಿಗೇ ಬೀಗ ಒಪ್ಪಿಸಿ ಬಂದೆವು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಕೆಲಸ ಮೊದಲಿಗಿಂತ ಚೆನ್ನಾಗಿ ಆಯಿತು.

ಜೋಳಿಗೆಯ ಪರಂಪರೆ

ನಮ್ಮ ಸೀಮೆಯ ದೊಡ್ಡ ಸಂಸ್ಥೆಗಳು ಬೆಳೆದುದೂ ದಾಸೋಹ ಭಾವದಿಂದಲೇ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರು ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಆ ಪೂಜ್ಯರು ಆಶ್ರಯವಿತ್ತು ಬೆಳೆಸಿದ ಅಂಧ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಆ ಗವಾಯಿಗಳ ನೆರಳಿನಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತು ತಮ್ಮ ಕಾಲ ಮೇಲೆ ನಿಂತರು. ಮನೆಮನೆಯ ತಾಯಂದಿರು ರೊಟ್ಟಿ ತಟ್ಟುವ ಮೊದಲು ತೆಗೆದಿಟ್ಟ ಒಂದೊಂದು ಮುಷ್ಟಿ ಜೋಳದಿಂದ ನಮ್ಮ ನಾಡಿನ ಎಷ್ಟೋ ಪ್ರಸಾದ ನಿಲಯಗಳು ನಡೆದವು. ಆ ಮುಷ್ಟಿಯ ಮೇಲೆ ಯಾರ ಹೆಸರೂ ಬರೆದಿರಲಿಲ್ಲ.

ಇಳಕಲ್ಲ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳವರದಂತೂ ಅಪೂರ್ವ ಜೋಳಿಗೆ. 1975ರಿಂದ ಅವರು ಊರೂರು ತಿರುಗಿ ಕೇಳಿದುದು ಹಣವನ್ನಲ್ಲ, ಧಾನ್ಯವನ್ನಲ್ಲ. “ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿರಿ” ಎಂಬುದೇ ಅವರ ಬೇಡಿಕೆ. ಕುಡಿತ, ತಂಬಾಕುಗಳನ್ನು ಬಿಟ್ಟು ಆ ಜೋಳಿಗೆಗೆ ಹಾಕಿದವರ ಮನೆಗಳಲ್ಲಿ ಹೆಂಡತಿ ಮಕ್ಕಳು ಎರಡು ಹೊತ್ತು ಉಂಡರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಘೋಷಿಸಿದೆ. ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಹೆಸರಿನಲ್ಲಿ ತರುಣರು ಕುಡಿದು ದ್ವಿಚಕ್ರ ವಾಹನ ಓಡಿಸುವ ಈ ಕಾಲದಲ್ಲಿ, ಆ ಒಂದು ರಾತ್ರಿಯ ಕುಡಿತವನ್ನು ಜೋಳಿಗೆಗೆ ಹಾಕುವುದೇ ಹೆತ್ತವರಿಗೆ ಮಕ್ಕಳು ಕೊಡಬಹುದಾದ ದೊಡ್ಡ ಕಾಣಿಕೆಯಲ್ಲವೇ?

ಈ ದಿನಗಳಲ್ಲಿ ಮಾಡಬಹುದಾದುದು

ಕ್ರಿಸ್ತನ ಜನನದ ಕಥೆಯಲ್ಲಿ ನನ್ನನ್ನು ಕಾಡುವ ಒಂದು ಸಂಗತಿಯಿದೆ. ತುಂಬು ಬಸುರಿಯಾದ ತಾಯಿಗೆ ಛತ್ರದಲ್ಲಿ ಸ್ಥಳ ದೊರೆಯಲಿಲ್ಲ. ಕೂಸನ್ನು ದನಗಳ ಗೋದಲಿಯಲ್ಲಿ ಮಲಗಿಸಬೇಕಾಯಿತು. ಈ ಕಥೆ ನಡೆದುದು ದೂರದ ಬೆತ್ಲೆಹೇಮಿನಲ್ಲಿ ಎಂದು ನಾವು ಸುಮ್ಮನಿರುವಂತಿಲ್ಲ. ಇದೇ ಡಿಸೆಂಬರ್‌ನ ಚಳಿಯಲ್ಲಿ ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬು ಕಡಿಯಲು ದೂರದಿಂದ ಬಂದ ಕುಟುಂಬಗಳು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡು ಇರುತ್ತವೆ. ಅವರಲ್ಲಿ ಬಸುರಿಯರಿದ್ದಾರೆ, ಬಾಣಂತಿಯರಿದ್ದಾರೆ, ಶಾಲೆ ತಪ್ಪಿದ ಮಕ್ಕಳಿದ್ದಾರೆ. ಇತ್ತ ಬಾದಾಮಿ, ಹುನಗುಂದ ತಾಲೂಕುಗಳ ನಮ್ಮವರೇ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕ ಮುದುಕಿಯರಷ್ಟೇ ಉಳಿಯುತ್ತಾರೆ. ಅಲ್ಲಿ ನಮ್ಮವರು ಪರಸ್ಥಳದವರು, ಇಲ್ಲಿ ಇವರು ಪರಸ್ಥಳದವರು. ಅಲ್ಲಿ ನಮ್ಮ ಮಗನಿಗೆ ಯಾರಾದರೂ ಒಂದು ತಂಬಿಗೆ ನೀರು ಕೊಡಲಿ ಎಂದು ಬಯಸುವ ನಾವು ಇಲ್ಲಿ ಅದನ್ನೇ ಮಾಡಬೇಕು.

ಆದುದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿಯಿಷ್ಟು. ಎಳ್ಳ ಅಮಾವಾಸ್ಯೆಯ ಬುತ್ತಿ ಕಟ್ಟುವಾಗ ಕಬ್ಬಿನ ಹೊಲದ ಗುಡಿಸಲಿನವರಿಗೂ ನಾಲ್ಕು ರೊಟ್ಟಿ ಹೆಚ್ಚು ಕಟ್ಟಿರಿ. ಕೊಡುವ ಕೌದಿ ನೀವು ಹೊದೆಯಬಹುದಾದಂಥದೇ ಇರಲಿ. ಹರಿದುದನ್ನು ದಾಟಿಸುವುದು ಮನೆ ಸ್ವಚ್ಛ ಮಾಡುವ ಕೆಲಸವಾದೀತೇ ಹೊರತು ದಾಸೋಹವಾಗದು. ಬಸುರಿ ಹೆಣ್ಣುಮಗಳು ಕಂಡರೆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿರಿ. ಒಂಟಿ ಮುದುಕರ ಮನೆಗೆ ಮಕ್ಕಳನ್ನು ಕಳಿಸಿ, ಗುಳಿಗೆ ಮುಗಿದಿವೆಯೋ ಎಂದು ಕೇಳಿಸಿರಿ.

ಇನ್ನೊಂದು ಮಾತು ನೇಕಾರ ಮನೆತನದವನಾಗಿ ಹೇಳುತ್ತೇನೆ. ಇಳಕಲ್ಲ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಬೇಕು. ಆ ಸೂಕ್ಷ್ಮ ಕೆಲಸದಲ್ಲಿ ಮನೆಮಂದಿಯ ಕಣ್ಣು ಸವೆಯುತ್ತವೆ. ಮದುವೆಗೆ ಸೀರೆ ಕೊಳ್ಳುವಾಗ ಚೌಕಾಸಿ ಮಾಡಿ ಆ ಕೂಲಿಯನ್ನು ಕಿತ್ತುಕೊಂಡು, ಉಳಿದ ಹಣದಲ್ಲಿ ಅನ್ನಸಂತರ್ಪಣೆ ಮಾಡಿದರೆ ನುಲಿಯ ಚಂದಯ್ಯ ಒಪ್ಪಿಯಾನೇ? ದುಡಿದವನಿಗೆ ದುಡಿಮೆಯ ಬೆಲೆಯನ್ನು ಪೂರ್ತಿ ಕೊಡುವುದು ಮೊದಲ ದಾಸೋಹ. ಉಳಿದವೆಲ್ಲ ಅದರ ಅನಂತರ.

ಕೊನೆಯದಾಗಿ, ನವನಗರದ ಆ ತರುಣ ಗೃಹಸ್ಥರ ಪ್ರಶ್ನೆಗೆ ಉತ್ತರ. ನೆರೆಯವರ ತಾಟನ್ನು ಎರಡೂ ಕೈಯಿಂದ ಕೊಳ್ಳಿರಿ. ನಿಮ್ಮ ಆಚಾರಕ್ಕೆ ಸಲ್ಲದುದು ಅದರಲ್ಲಿದ್ದರೆ ನಗುನಗುತ್ತ ಹೇಳಿಕೊಳ್ಳಿರಿ. ವರ್ಷಗಟ್ಟಲೆ ಬಾಜೂ ಇದ್ದವರು ಅಷ್ಟನ್ನು ಅರಿಯದವರಲ್ಲ. ಅವರ ಹಬ್ಬದ ದಿನ ಹೋಗಿ ಶುಭ ಕೋರಿರಿ. ಎಳ್ಳ ಅಮಾವಾಸ್ಯೆಯ ದಿನ ಅವರನ್ನು ಹೊಲಕ್ಕೆ ಕರೆಯಿರಿ. ಅವರ ತಾಟನ್ನು ಮಾತ್ರ ಎಂದಿಗೂ ಬರಿದಾಗಿ ಹಿಂದಿರುಗಿಸಬೇಡಿರಿ. ಏನೂ ಇಲ್ಲದ ದಿನ ಒಂದು ಹಿಡಿ ಹುಣಸೆಹಣ್ಣೂ ಸಾಕು. ನನ್ನ ತಾಯಿ ನನಗೆ ಕಲಿಸಿದುದು ಇದು.